ಶಕ್ತಿ ಮಾತ್ರೆ

ಮನೆ, ಅಡುಗೆಮನೆಯ ಮೇಜು
ಭಾನುವಾರ, ಮಾರ್ಚ್ ೯

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಅಪ್ಪನ ಕೆಮ್ಮು? ಎಷ್ಟೇ ಸಿಟ್ಟಿದ್ದರೂ ಮೊದಲು ಆರೋಗ್ಯ ವಿಚಾರಿಸಬೇಕು ಅಂತ ಕಲಿಸಿದವಳು ನೀನು, ಅದಕ್ಕೇ ವಿಚಾರಿಸಿದೆ. ನಾವಿಲ್ಲಿ ಕ್ಷೇಮ ಅಂತ ಬರೆಯೋಕೆ ಮಾತ್ರ ಕೈ ಬರುತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಮಾತು ನಿನಗೆ ಬೇಡದ ಕಡೆ ತಿರುಗಿದರೆ ಸಾಕು, "ಒಲೆ ಮೇಲೆ ಹಾಲಿದೆ, ಇಡ್ತೀನಿ" ಅಂತೀಯ. ಈಚೆಗೆ ನಿನ್ನ ಒಲೆಯ ಮೇಲೆ ಉಕ್ಕಿದಷ್ಟು ಹಾಲು ಯಾವ ಡೈರಿಯಲ್ಲೂ ಇರಲಿಕ್ಕಿಲ್ಲ. ಕಾಗದವನ್ನು ಹಾಗೆ ಕಟ್ ಮಾಡೋಕಾಗಲ್ಲ. ಕೂತು ಪೂರ್ತಿ ಓದು.

ಕಳೆದ ವರ್ಷ ನನ್ನ ಹೊಟ್ಟೆಯಲ್ಲಿದ್ದ ಮಗು ಹೋದಾಗ ನೀನು ಉಟ್ಟ ಸೀರೆಯಲ್ಲೇ ಓಡಿ ಬಂದೆ. ಮರೆತಿಲ್ಲ. ತಲೆ ಬಾಚಿದೆ, ತುತ್ತು ಮಾಡಿ ತಿನ್ನಿಸಿದೆ. ಆದರೆ ನೋಡೋಕೆ ಬಂದವರಿಗೆಲ್ಲ, ನನ್ನತ್ತೆಗೂ ಸೇರಿಸಿ, ಒಂದೇ ಮಾತು ಹೇಳಿದೆ: "ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ಆ ಲಾಂಡ್ರೀಲಿ ಒದ್ದೆ ಬಟ್ಟೆ ಗಂಟು ಎತ್ತಿ ಎತ್ತಿ ಕಳ್ಕೊಂಡ್ಲು." ನಾನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ ಅಮ್ಮಾ, ನಿದ್ದೆ ಬಂದಿರಲಿಲ್ಲ. ಬಸುರಿ ಅಂತ ಗೊತ್ತಾದ ದಿನವೇ ಲಾಂಡ್ರಿಯ ಮೇಸ್ತ್ರಿ ನನ್ನನ್ನು ಗಂಟು ಎತ್ತೋ ಕೆಲಸದಿಂದ ತೆಗೆದು, ದಿಂಬಿನ ಕವರ್ ಮಡಚೋಕೆ ಕೂರಿಸಿದ್ದರು. ಇದು ನಿನಗೆ ಗೊತ್ತಿತ್ತು. ಆದರೂ ಹಾಗಂದೆ. ಅದಕ್ಕಿಂತ ಹೊಟ್ಟೆ ಉರಿಯೋದು ಏನು ಗೊತ್ತಾ? ನಾನೂ ನಂಬಿಬಿಟ್ಟೆ. ಕೆಲಸಕ್ಕೆ ವಾಪಸ್ಸು ಹೋದ ಮೇಲೆ ಯಂತ್ರದಿಂದ ಹೊರಗೆ ಬರೋ ಒಂದೊಂದು ಹೋಟೆಲ್ ಬೆಡ್‌ಶೀಟನ್ನೂ ನನ್ನ ಮಗುವನ್ನು ತಿಂದ ಪ್ರಾಣಿಯ ಹಾಗೆ ನೋಡ್ತಿದ್ದೆ.

ಆಮೇಲೆ ಮೈ ಏಳಲೇ ಇಲ್ಲ. ಬಾಚಣಿಗೆ ತುಂಬ ಕೂದಲು. ಇಸ್ತ್ರಿ ಯಂತ್ರದ ಹಬೆಯಲ್ಲಿ ಎಲ್ಲರೂ ಬೆವರು ಒರೆಸಿಕೊಳ್ಳುವಾಗ ನಾನು ಸ್ವೆಟರ್ ಹಾಕಿ ನಿಂತಿರ್ತಿದ್ದೆ. "ಸ್ವೆಟರಮ್ಮ" ಅಂತ ಹೆಸರಿಟ್ಟರು. ನಾನೂ ನಕ್ಕೆ, ದುಃಖಕ್ಕೆ ಹೀಗಾಗುತ್ತೇನೋ ಅಂದುಕೊಂಡೆ. ಕೊನೆಗೆ ನಿನ್ನ ಅಳಿಯನೇ, ಲಿಫ್ಟ್ ರಿಪೇರಿಯವರ ಬುದ್ಧಿ ನೋಡು, "ಒಂದೊಂದು ಮಹಡೀಲೂ ನಿಂತು ನಿಂತು ಹೋಗೋ ಲಿಫ್ಟ್ ಆಗಿದ್ದೀಯ, ಒಳಗೇನೋ ಕೆಟ್ಟಿದೆ, ನಡಿ" ಅಂತ ಎಳಕೊಂಡು ಹೋದರು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಕತ್ತಿನಲ್ಲಿರೋ ಥೈರಾಯ್ಡ್ ಗ್ರಂಥಿ ಮಾಡಬೇಕಾದಷ್ಟು ಕೆಲಸ ಮಾಡ್ತಿಲ್ಲ ಅಂದರು. "ಮನೇಲಿ ಯಾರಿಗಾದ್ರೂ ಇದೆಯಾ? ಇದು ಮನೆತನದಲ್ಲಿ ಬರೋದುಂಟು." ಅಲ್ಲಿಂದಲೇ ನಿನಗೆ ಫೋನ್ ಮಾಡಿದೆ. "ನಮ್ಮಲ್ಲಿ ಯಾರಿಗೂ ಅಂಥದ್ದೆಲ್ಲ ಇಲ್ಲ" ಅಂತ ನೀನಂದೆ.

ಮಗು ಹೋಗಿದ್ದು ಇದರಿಂದಲೇನಾ ಅಂತ ಡಾಕ್ಟರಮ್ಮನನ್ನು ಕೇಳಿದೆ. "ಇದರಿಂದಲೇ ಅಂತ ಖಂಡಿತವಾಗಿ ಹೇಳೋಕಾಗಲ್ಲಮ್ಮ. ಆದ್ರೆ ಇದನ್ನ ಹದಕ್ಕೆ ತರದೆ ಮತ್ತೆ ಮಗುಗೆ ಪ್ರಯತ್ನ ಮಾಡೋದು ಬೇಡ. ನಿಮ್ಮ ತಪ್ಪಿಂದ ಹೋಯ್ತು ಅಂತ ಯಾರಾದ್ರೂ ಹೇಳಿದ್ರೆ ನನ್ನ ಹತ್ರ ಕಳಿಸಿ" ಅಂದರು. ಆಮೇಲೆ ಮಾತ್ರೆ ಹೇಗೆ ತಗೋಬೇಕು ಅಂತ ಹೇಳಿದರು: ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ, ಅರ್ಧ ಗಂಟೆಯಾದರೂ ಕಾಫಿ ಮುಟ್ಟೋ ಹಾಗಿಲ್ಲ.

ಅದನ್ನು ಕೇಳ್ತಾ ಕೇಳ್ತಾ ನೀನೇ ಕಣ್ಣ ಮುಂದೆ ಬಂದೆ. ನನ್ನ ಬಾಣಂತನಕ್ಕೆ ಅಂತ ಎತ್ತಿಟ್ಟಿದ್ದ ರಜೆಯನ್ನು ನಾನು ಹಾಸಿಗೆಯಲ್ಲಿ ಕಳೆದ ದಿನಗಳವು. ಬೆಳಿಗ್ಗೆ ನೀನು ಸಿಂಕಿನ ಕಡೆ ತಿರುಗಿ ಪುಟ್ಟ ಬಿಳಿ ಮಾತ್ರೆ ನುಂಗ್ತಿದ್ದೆ. ಇವರು ಕಾಫಿ ಹಿಡಿದರೆ "ಸ್ವಲ್ಪ ಹೊತ್ತಾಗ್ಲಿ" ಅಂತಿದ್ದೆ. ಏನಮ್ಮಾ ಅದು ಅಂದರೆ "ಶಕ್ತಿ ಮಾತ್ರೆ". ಚಿಕ್ಕಂದಿನಿಂದ ಇದನ್ನೇ ಕೇಳಿ ಬೆಳೆದವಳು ನಾನು.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವಳನ್ನು ಬೈಬೇಡ, ಪಾಪ, ಅವಳಿಗೆ ಸುಳ್ಳು ಹೇಳೋಕೆ ಬರಲ್ಲ. "ಅಯ್ಯೋ, ಅಕ್ಕ ನಿಂಗೂ ಹೇಳಿಲ್ವಾ?" ಅಂದಳು. ನನಗಿಂತ ಮುಂಚೆ ನಿನಗೆ ಎರಡು ಹೋಗಿದ್ದವಂತೆ. ಆಮೇಲೆ ಥೈರಾಯ್ಡ್ ಅಂತ ಗೊತ್ತಾಯಿತಂತೆ, ಮಾತ್ರೆ ಶುರುವಾದ ಮೇಲೆ ನಾನಂತೆ. ಹೆಣ್ಣುಮಕ್ಕಳ ಮದುವೆಗೆ ಕಲ್ಲು ಬೀಳುತ್ತೆ ಅಂತ ನೀನು ಅವಳಿಂದ ಆಣೆ ಹಾಕಿಸಿಕೊಂಡಿದ್ದೆಯಂತೆ.

ಅಜ್ಜಿ ನಿನ್ನನ್ನು ರೋಗಿಷ್ಟೆ ಅಂತ ಹಂಗಿಸ್ತಿದ್ದದ್ದು ನನಗೂ ನೆನಪಿದೆ. ಹೆದರಿದ್ದು ತಪ್ಪಲ್ಲ. ಆದರೆ ನನ್ನ ಮದುವೆಯಾಗಿ ಎಷ್ಟು ಕಾಲವಾಯಿತು? ಆ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಯಾರ ಹೆದರಿಕೆ? "ನಂಗೂ ಹೋಗಿತ್ತು ಕಣೇ" ಅಂತ ಒಂದು ಮಾತು ಅಂದಿದ್ದರೆ ನಿನ್ನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಡ್ತಿದ್ದೆ. ಎರಡು ಕಳಕೊಂಡವಳು ನೀನು, ನಿನಗೆ ಗೊತ್ತಿತ್ತು. ಗೊತ್ತಿದ್ದೂ ಆ ಗಂಟನ್ನು ನನ್ನ ತಲೆ ಮೇಲೆ ಹೊರಿಸಿದೆಯಲ್ಲ, ಹೇಗೆ ಮನಸ್ಸು ಬಂತಮ್ಮಾ? ಮುಚ್ಚಿಟ್ಟಿದ್ದನ್ನು ಎಂದಾದರೂ ಕ್ಷಮಿಸ್ತೀನೇನೋ. ಇದನ್ನು ಮಾತ್ರ ಈಗ ಕ್ಷಮಿಸೋಕಾಗಲ್ಲ.

ಈಗಿನ ಸಮಾಚಾರ ಇಷ್ಟು. ಮಾತ್ರೆಯ ಪ್ರಮಾಣ ಒಮ್ಮೆ ಹೆಚ್ಚಿಸಿದರು, ರಕ್ತ ಹದಕ್ಕೆ ಬಂದಿದೆ, ಇನ್ನು ಪ್ರಯತ್ನ ಮಾಡಬಹುದು ಅಂದಿದ್ದಾರೆ. ಮುಟ್ಟು ನಿಂತ ಅನುಮಾನ ಬಂದರೆ ತಡಮಾಡದೆ ಬರಬೇಕಂತೆ, ಆಗ ಮಾತ್ರೆ ಮತ್ತೆ ಹೆಚ್ಚಿಸಬೇಕಾಗುತ್ತಂತೆ. ಹೋದ ತಿಂಗಳು ಸ್ವಲ್ಪ ಮುಂದಕ್ಕೆ ಹೋಯಿತು. ನಾವಿಬ್ಬರೂ ಬಾಯಿ ಬಿಡಲಿಲ್ಲ, ಇವರು ಮಾತ್ರ ಸುಮ್ಮಸುಮ್ಮನೆ ಮನೆಯ ಬಾಗಿಲಿಗೆಲ್ಲ ಎಣ್ಣೆ ಹಾಕಿದರು. ಆಮೇಲೆ ಕೆಲಸದಲ್ಲಿದ್ದಾಗಲೇ ಆಯಿತು. ಮುಖ ತೊಳಕೊಂಡು ಬಂದು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದೆ.

ಅಪ್ಪನಿಗೆ ನಮಸ್ಕಾರ. ಕೆಮ್ಮಿಗೆ ಬಿಸಿನೀರು ಕುಡಿಯೋಕೆ ಹೇಳು. ನಿನಗೂ ನಮಸ್ಕಾರ, ಉಳಿದದ್ದು ಸಿಟ್ಟು ಇಳಿದ ಮೇಲೆ.

ನಿನ್ನ ದೊಡ್ಡ ಮಗಳು

ತಾ.ಕ.: ಇದನ್ನು ಅಂಚೆ ಡಬ್ಬಿಗೆ ಹಾಕೋಕೆ ಅಂತ ಚಪ್ಪಲಿ ಮೆಟ್ಟಿದವಳು ಮತ್ತೆ ಬಂದು ಕೂತೆ. ತಂಗಿ ಹಗಲೆಲ್ಲ ಮಲಗ್ತಾಳೆ, ಗೊತ್ತಾಗಿರೋ ಮದುವೆಗೆ ಅಂತ ಹೊಲಿಸಿದ ರವಿಕೆ ಆಗಲೇ ಬಿಗಿಯಾಗಿದೆ, ಬರೀ ಸೋಮಾರಿ ಅಂತ ಹೋದ ಸಲ ಗೊಣಗಿದೆಯಲ್ಲ? ಅವಳನ್ನು ಬೈಯೋದು ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸು. ನಿನ್ನದನ್ನೂ ನಿನ್ನ ಬಾಯಿಂದಲೇ ಹೇಳು. ಹುಡುಗನಿಗೆ ಹೇಳೋದು ಬಿಡೋದು ಅವಳಿಷ್ಟ, ಅವಳಿಗೆ ಮಾತ್ರ ಗೊತ್ತಿರಬೇಕು. ಮುಂದಿನ ಭಾನುವಾರ ನಾನು ಫೋನ್ ಮಾಡೋದು ಅವಳಿಗೆ. ಅಷ್ಟರೊಳಗೆ ನೀನು ಹೇಳಿರದಿದ್ದರೆ ನಾನು ಹೇಳ್ತೀನಿ.