ಸುಣ್ಣ ಬಿಟ್ಟ ಕಾಯಿಲ್

ರವಿಕಿರಣ,

ಗೀಸರಿಗೆ ಎರಡು ಕಾಯಿಲ್, ವಾಷಿಂಗ್ ಮಷಿನ್ನಿಗೆ ಒಂದು ಹೀಟರ್, ರಿಪೇರಿ ಕೂಲಿ ಸೇರಿ ಈವರೆಗೆ ಆರು ಸಾವಿರದ ನಾನೂರು ರೂಪಾಯಿ ಹೋಯಿತು. ಮೊದಲನೆಯ ಕಾಯಿಲ್ ನೀನು ಹಾಕಿದ್ದು. ಎಂಟೇ ತಿಂಗಳಿಗೆ ಸುಟ್ಟಾಗ, ಹಳೆಯದನ್ನು ತಿಕ್ಕಿ ಹೊಸದೆಂದು ಹಾಕಿದ್ದೀಯ ಎಂದು ನಾನು ಅಂಕೋಲೆ ಪೇಟೆಯಲ್ಲಿ ಎಲ್ಲರೆದುರು ಹೇಳಿದೆ.

"ನಿಮ್ಮ ನಳದ ನೀರು ಗಡಸು ಮಾರಾಯ, ಸುಣ್ಣ ಕಟ್ತದೆ" ಎಂದೆ ನೀನು.

ಸಮುದ್ರದ ಊರಿನಲ್ಲಿ ಉಪ್ಪು ಕಟ್ಟೀತು, ಸುಣ್ಣ ಎಲ್ಲಿಂದ ಬಂತು ಎಂದು ನಾನು ನಗಾಡಿದೆ. ಜನರೂ ನಕ್ಕರು. ನಿನ್ನ ರಿಪೇರಿ ಅಂಗಡಿಗೆ ಬರುವವರು ಕಡಿಮೆಯಾದರು.

ನಿನ್ನೆ ಎರಡನೆಯ ಕಾಯಿಲೂ ನೀರು ಕಾಯಿಸದಾಯಿತು. ಬಿಚ್ಚಿದರೆ ಮೈತುಂಬ ಬಿಳಿ ಪದರ. ನನ್ನ ಹೆಂಡತಿ ಸುಮಲತಾ ಅದನ್ನು ಮುರುಗಲ ಹಣ್ಣಿನ ಹುಳಿ ಸಿಪ್ಪೆ ಕುದಿಸಿದ ನೀರಿಗೆ ಹಾಕಿದಳು. "ಹಂಡೆ ತಿಕ್ಕೂದು ಇದ್ರಲ್ಲೇ ಅಲ್ಲಾ, ಇದಕ್ಕೇನು ಬೇರೆ ಮದ್ದು?"

ನೊರೆ ಬಂದು ಪದರ ಬಿಟ್ಟಿತು. ಆಗ ನಿನ್ನ ವಿರುದ್ಧ ಸಾಕ್ಷಿಯೆಂದು ಎತ್ತಿಟ್ಟಿದ್ದ ಸುಟ್ಟ ಕಾಯಿಲನ್ನೂ ಅದರಲ್ಲಿ ಹಾಕಿದೆ. ಸುಣ್ಣ ಬಿಟ್ಟಾಗ, ಅದು ತಯಾರಾದ ತಿಂಗಳು ಅದರ ಬುಡದಲ್ಲಿ ಒತ್ತಿದ್ದು ಕಾಣಿಸಿತು. ನಿನ್ನ ಬಿಲ್ಲಿಗಿಂತ ಒಂದೇ ತಿಂಗಳು ಹಿಂದಿನದು. ಹೊಸದೇ.

ನೀನು ತೀರಿಕೊಂಡು ಎರಡು ವರ್ಷ. ನಿನ್ನ ಹೆಂಡತಿ ನೀಲಾ ಅವರ್ಸಾ ಊರಿನಲ್ಲಿದ್ದಾಳೆ. ಹೋಗಿ ಅವಳಿಗಾದರೂ ಹೇಳಲು ಅಲ್ಲಿಗೆ ತಾಸಿಗೊಂದು ಬಸ್ಸಿದೆ, ನಾನಿನ್ನೂ ಹತ್ತಿಲ್ಲ.

ಸುಮಲತಾಗೆ ಬಿಸಿನೀರು ಸಿಕ್ಕಿತು. ನನಗೆ ಮೂರನೆಯ ಕಾಯಿಲಿನ ಖರ್ಚು ಉಳಿಯಿತು. ಪೇಟೆಯವರಿಗೆ ಅಂದು ಒಂದು ನಗು ಸಿಕ್ಕಿತ್ತು. ನಿನಗೆ ಏನೂ ಸಿಗಲಿಲ್ಲ.