ಅಂಬಿಗನನ್ನು ಗಾಜಿನಿಂದ ಇಳಿಸಿ

ಅಂಚೆಚೀಟಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಎಲೆಯಾಟದ ಕಟ್ಟಿನಿಂದ ನೀವು ಒಂದು ಎಲೆಯನ್ನು ಕದ್ದಿದ್ದೀರಿ. ನಿಮ್ಮ ಕಚೇರಿ ಇದಕ್ಕೆ ‘ಸುರಕ್ಷಿತ ಪಾಲನೆ’ ಎಂದು ಹೆಸರಿಟ್ಟಿದೆ. ಚಿತ್ರ ತೆಗೆಯುತ್ತೇವೆಂದು ಇಡೀ ಕಟ್ಟನ್ನು ಎರವಲು ಒಯ್ದು, ಅದರಲ್ಲೊಂದನ್ನು ಉಳಿಸಿಕೊಂಡು, ಮಿಕ್ಕದ್ದಕ್ಕೆ ಹೊಳೆಯುವ ದಾರ ಕಟ್ಟಿ ಧನ್ಯವಾದದ ಜೊತೆ ವಾಪಸು ಕಳಿಸುವುದಕ್ಕೆ ನಮ್ಮ ಬೀದಿಯಲ್ಲಿ ಕಳ್ಳತನವಲ್ಲದೆ ಬೇರೆ ಪದವಿಲ್ಲ. ಕಚೇರಿಗೆ ಬಂದಾಗಲೆಲ್ಲ ನೀವು ಸಭೆಯಲ್ಲಿದ್ದಿರಿ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಸಭೆಯ ನಡುವೆ ಯಾರಾದರೂ ನಿಮಗೆ ಓದಿ ಹೇಳಲಿ.

ವಿಷಯ ತಿಳಿಯದ ಓದುಗರಿಗೆ ಎರಡು ಮಾತು. ‘ಪರಂಪರೆಯ ಎಲೆಯಾಟ’ ಎಂಬ ಹೆಸರಿನಲ್ಲಿ ಈ ವಿಭಾಗ ಕ್ರಿಪ್ಟೋ ಅಂಚೆಚೀಟಿಗಳನ್ನು ಹೊರಡಿಸಿದೆ. ಅರ್ಧ ಕಾಗದ, ಅರ್ಧ ಗಾಳಿ. ಕಾಗದದ ಹಿಂದೆ ಅಂಟು ಇದೆ, ಆದರೆ ಯಾರೂ ಅದನ್ನು ಲಕೋಟೆಗೆ ಅಂಟಿಸುವುದಿಲ್ಲ. ಪಕ್ಕದ ಬೆಳ್ಳಿಬಣ್ಣವನ್ನು ಉಗುರಿನಿಂದ ಕೆರೆದರೆ ಗುಪ್ತ ಸಂಖ್ಯೆಯೊಂದು ಸಿಗುತ್ತದೆ. ಅದನ್ನು ಫೋನಿನಲ್ಲಿ ಒತ್ತಿದರೆ ನಮ್ಮ ಆಟದ ರಾಜನೋ ಮಂತ್ರಿಯೋ ಪರದೆಯ ಮೇಲೆ ಮೂಡುತ್ತಾನೆ, ಇವನು ಇನ್ನು ನಿಮ್ಮ ಸೊತ್ತು ಎಂಬ ಘೋಷಣೆಯೂ ಮೂಡುತ್ತದೆ. ಪೊಟ್ಟಣ ಮುಚ್ಚಿರುವುದರಿಂದ ಒಳಗೆ ಯಾರಿದ್ದಾರೆಂದು ಕೊಳ್ಳುವವರೆಗೆ ತಿಳಿಯದು. ಬೇಕಾದವನು ಸಿಕ್ಕಿದರೆ ಅದೃಷ್ಟ, ಸಿಗದಿದ್ದರೆ ಇನ್ನೊಂದು ಕೊಳ್ಳಿ. ಇದನ್ನೇ ನಾಲ್ವರು ಗೋಡೆ ಬದಿಯಲ್ಲಿ ಕೂತು ಮಾಡಿದರೆ ಪೊಲೀಸರು ಬಂದು ಜೂಜು ಅನ್ನುತ್ತಾರೆ. ಕೌಂಟರಿನ ಹಿಂದೆ ಕೂತು ಮಾಡಿದರೆ ಸಂಸ್ಕೃತಿಯ ರಕ್ಷಣೆ. ಇರಲಿ, ಮಾರಿಕೊಳ್ಳಿ. ನಾನು ಕೇಳುತ್ತಿರುವುದು ಒಂದು ಎಲೆಯನ್ನು.

ಆ ಕಟ್ಟು ನನ್ನ ಸೋದರತ್ತೆಯದು. ಅತ್ತೆಯದು ಹೊಲಿಗೆ ಅಂಗಡಿ. ನಾನು ಅಲ್ಲೇ ಅಂಗಿಗಳ ಗುಂಡಿಗೆ ಕಾಜಾ ಹೊಲಿಯುತ್ತೇನೆ. ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿದೆ. ಸಂಜೆ ಕತ್ತರಿ, ಸೀಮೆಸುಣ್ಣ, ಚಿಂದಿಗಳನ್ನು ಬದಿಗೆ ಸರಿಸಿದರೆ ಅದೇ ಆಟದ ಮೇಜು. ಕೂರುವವರು ಅತ್ತೆ, ಆಕೆಯ ತಮ್ಮನಾದ ನನ್ನ ಚಿಕ್ಕಪ್ಪ, ಎದುರು ಸಾಲಿನ ಕನ್ನಡಕದಂಗಡಿಯವರು ಮತ್ತು ಬೀಗ ರಿಪೇರಿಯವರು. ಚಿಕ್ಕಪ್ಪ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ‘ಮೂರನೇ ಸಲ’ ಎಂಬುದೇ ಅವರ ಅಡ್ಡಹೆಸರು. ಆ ಎರಡು ಪದ ಅವರ ಬಾಯಿಂದ ಹೊರಟರೆ ಲಾರಿಯೊಳಗೆ ಮಲಗಿದ್ದ ಚಾಲಕರೂ ಎದ್ದು ಕೂರುತ್ತಿದ್ದರಂತೆ. ಹೋದ ವರ್ಷ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಬುದ್ಧಿ ಎಲ್ಲಿಗೂ ಹೋಗಲಿಲ್ಲ, ಆದರೆ ಮಾತಿಲ್ಲದವರ ಬುದ್ಧಿಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮನೆಗೆ ಬಂದ ನೆಂಟರ ನಡುವೆ, ಅವರನ್ನು ಎದುರಿಗಿಟ್ಟುಕೊಂಡೇ ನಮ್ಮನ್ನು ಕೇಳುತ್ತಾರೆ: “ಇವರಿಗೆ ನಾವು ಹೇಳೋದು ಗೊತ್ತಾಗುತ್ತಾ?”

ಚೀಟಿಗಳ ಜೊತೆ ನೀವು ಹಂಚುವ ಬಣ್ಣದ ಪುಸ್ತಿಕೆ ಬಿಟ್ಟುಬಿಟ್ಟಿರುವ ನಿಯಮವೊಂದಿದೆ. ಈ ಆಟದಲ್ಲಿ ಇಬ್ಬಿಬ್ಬರು ಜೊತೆಗಾರರು. ಎಲೆ ಹಂಚಿದ ಮೇಲೆ ಸುತ್ತು ಮುಗಿಯುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದವರು ಸೋತ ಹಾಗೆ. ಎಂದರೆ, ಆ ಮೇಜಿನ ಸುತ್ತ ನಾಲ್ವರೂ ಮೂಕರು. ಚಿಕ್ಕಪ್ಪ ಯಾರಿಗೂ ಕಡಿಮೆಯಾಗದೆ ಕೂರಲು ಈ ಲೋಕದಲ್ಲಿ ಉಳಿದಿದ್ದ ಒಂದೇ ಜಾಗ ಅದು. ರಾಜ, ಮಂತ್ರಿ, ಸವಾರರು ಎಲ್ಲ ಬಣ್ಣಗಳಲ್ಲೂ ಇದ್ದಾರೆ. ಅಂಬಿಗ ಮಾತ್ರ ಇಡೀ ಕಟ್ಟಿಗೆ ಒಬ್ಬನೇ. ಅವನು ಕೈಯಲ್ಲಿದ್ದರೆ ಜೊತೆಗಾರ ಕಳೆದುಕೊಂಡ ಎಲೆಯನ್ನು ಎದುರಾಳಿಯ ದಡದಿಂದ ಒಮ್ಮೆ ದಾಟಿಸಿ ತರಬಹುದು. ಅಂಬಿಗ ಯಾರ ಹತ್ತಿರ ಇದ್ದಾನೆ ಎಂಬ ಅನುಮಾನವೇ ಆಟದ ಜೀವ. ಅವನನ್ನು ಬಚ್ಚಿಡುವುದರಲ್ಲಿ ಚಿಕ್ಕಪ್ಪನನ್ನು ಮೀರಿಸಿದವರಿರಲಿಲ್ಲ. ಸುತ್ತಿನ ಕೊನೆಯ ಎಲೆಯಾಗಿ ಎಡಗೈಯಿಂದ ಅವನನ್ನು ಮೇಜಿಗೆ ಬಡಿದು ಆಟ ಮುಗಿಸಿದಾಗ ಕನ್ನಡಕದವರು ಕಿರುಚುತ್ತಿದ್ದರು: “ಅಯ್ಯೋ ಪಾಪಿ, ಇಷ್ಟು ಹೊತ್ತೂ ನಿನ್ನ ಹತ್ರಾನೇ ಇದ್ನಾ? ಮುಖ ನೋಡಿದ್ರೆ ಏನೂ ಅರಿಯದ ಮಗು!”

“ನನ್ನ ತಮ್ಮನ ಮುಖ ಯಾಕ್ರೀ ನೋಡ್ತೀರಿ? ನಿಮ್ಮ ಎಲೆ ನೋಡ್ಕೊಳ್ಳಿ. ಊರಿಗೆಲ್ಲ ಕನ್ನಡಕ ಮಾರಿದ್ದು ಸಾಕು, ನೀವೊಂದು ಹಾಕ್ಕೊಳ್ಳಿ,” ಎನ್ನುತ್ತಿದ್ದರು ಅತ್ತೆ. ಚಿಕ್ಕಪ್ಪ ಹೊಟ್ಟೆ ಕುಲುಕಿಸಿಕೊಂಡು ನಗುತ್ತಿದ್ದರು.

ನಿಮ್ಮ ವಿಭಾಗದ ಕಲಾವಿದ ಕೋಟು ಬಿಗಿ ಮಾಡಿಸಲು ಬಂದವನು ಆ ಎಲೆಗಳನ್ನು ಕಂಡ. ಕೈಯಿಂದ ಬರೆದ ಇಂಥ ಕಟ್ಟು ಬೇರೆಲ್ಲೂ ಉಳಿದಿಲ್ಲ ಎಂದ. ಅತ್ತೆ ಉಬ್ಬಿಹೋದರು. “ತಗೊಂಡು ಹೋಗಪ್ಪಾ, ನಾಲ್ಕು ಜನ ನೋಡ್ಲಿ. ನಮಗೆ ಸಂಜೆ ಹೊತ್ತಿಗೆ ಬಂದ್ರೆ ಸಾಕು.” ಆ ಸಂಜೆ ಬರಲು ತಿಂಗಳುಗಳೇ ಹಿಡಿದವು. ಬಂದ ಕಟ್ಟಿನಲ್ಲಿ ಅಂಬಿಗನ ಜಾಗದಲ್ಲಿ ಹೊಚ್ಚಹೊಸದಾಗಿ ಅಚ್ಚಾದ ಇನ್ನೊಬ್ಬ ಅಂಬಿಗನಿದ್ದ. ಜೊತೆಗೆ ಉಡುಗೊರೆಯಾಗಿ ಅವನದೇ ಕ್ರಿಪ್ಟೋ ಚೀಟಿ: ‘ಜಗತ್ತಿನಲ್ಲಿ ಇದೊಂದೇ, ಇದರ ಮಾಲೀಕರು ನೀವೇ.’ ನನ್ನ ಫೋನಿನಲ್ಲಿ ತೆರೆದು ತೋರಿಸಿದೆ. ಅಂಬಿಗ ಮಿರುಗುತ್ತಾ ತಿರುಗಿದ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. “ಚೆನ್ನಾಗೇ ತಿರುಗ್ತಾನೆ ಕಣೇ. ಇವನನ್ನ ಮೇಜಿನ ಮೇಲೆ ಇಳಿಸೋದು ಹೇಗೆ?”

ಮಾನ್ಯರೇ, ನೀವು ಎಂದಾದರೂ ಎಲೆಯಾಡಿದ್ದೀರಾ? ಬೆನ್ನು ಕಂದಿ, ಅಂಚು ಮೆತ್ತಗಾದ ಎಲೆಗಳ ನಡುವೆ ಒಂದೇ ಒಂದು ಹೊಸ ಎಲೆ ಸೇರಿದರೆ ಏನಾಗುತ್ತದೆ ಎಂದು ನಿಮ್ಮ ಅಷ್ಟು ದೊಡ್ಡ ಕಚೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಅದರ ಬೆನ್ನು ನೋಡಿದರೆ ಸಾಕು, ಅಂಬಿಗ ಯಾರ ಕೈಯಲ್ಲಿದ್ದಾನೆಂದು ಎಲ್ಲರಿಗೂ ತಿಳಿಯುತ್ತದೆ. ಬೀಗದವರು ಅದನ್ನು ಚಹಾದಲ್ಲಿ ಅದ್ದಿದರು, ಮರಳುಕಾಗದದಿಂದ ತಿಕ್ಕಿದರು, ರಾತ್ರಿಯೆಲ್ಲ ದಿಂಬಿನಡಿ ಇಟ್ಟು ಮಲಗಿದರು. “ನನ್ನ ಹೆಂಡ್ತಿ ಕೇಳ್ತಾಳೆ, ದಿಂಬಿನ ಕೆಳಗೆ ಯಾರ ಫೋಟೋ ಅಂತ,” ಎಂದು ಗೋಳಾಡಿದರು. ಇಷ್ಟಾದರೂ ಅದು ಹಳತಾಗಲಿಲ್ಲ, ಬರೀ ಕೊಳಕಾಯಿತು.

ಮರುದಿನ ಸಂಜೆ ಹಂಚಿದಾಗ ಅದು ಚಿಕ್ಕಪ್ಪನ ಪಾಲಿಗೇ ಬಂತು. ಅವರು ಎಂದಿನ ಹಾಗೆ ಮುಖ ಗಟ್ಟಿಮಾಡಿಕೊಂಡು ಕೂತರು. ಎದುರಾಳಿ ಕನ್ನಡಕದವರು, ಪಾಪ, ಒಳ್ಳೆಯ ಮನುಷ್ಯ, ಕಂಡೂ ಕಾಣದವರಂತೆ ಚಾವಣಿಯ ಕಡೆ ಕಣ್ಣು ತಿರುಗಿಸಿದರು. ಚಿಕ್ಕಪ್ಪ ಅದನ್ನು ಗಮನಿಸಿದರು. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಸಿಗುತ್ತಿದ್ದ ಕನಿಕರ ಈಗ ಆ ಮೇಜಿಗೂ ಬಂದಿತ್ತು. ಎಲೆಗಳನ್ನೆಲ್ಲ ಮಗುಚಿಟ್ಟು, ಗೋಡೆ ಹಿಡಿದುಕೊಂಡು ಮನೆಗೆ ನಡೆದರು. ಅಂದಿನಿಂದ ಬಂದಿಲ್ಲ. ಮಿಕ್ಕವರು ಕೂತು ಮಾತಾಡುತ್ತಾರೆ, ಅವರನ್ನೂ ಕರೆಯುತ್ತಾರೆ. ಮಾತಾಡುವವರ ನಡುವೆ ಅವರು ಬಂದು ಏನು ಮಾಡಬೇಕು?

ನಿಮ್ಮ ಕಚೇರಿಗೆ ಬಂದೆ. ಭೇಟಿ ಕೋಣೆಯ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ, ಸಣ್ಣದೊಂದು ದೀಪದ ಕೆಳಗೆ ನಮ್ಮ ಅಂಬಿಗನಿದ್ದ. ಅವನ ಎಡ ಮೂಲೆಯಲ್ಲಿ ಚಿಕ್ಕಪ್ಪನ ಹೆಬ್ಬೆರಳಿನ ಮಸುಕು ಕಾಣುತ್ತಿತ್ತು. ನಿಮ್ಮ ಗುಮಾಸ್ತರು ಸಭ್ಯರು, ಕೂರಿಸಿಯೇ ಇಲ್ಲವೆಂದರು.

“ಆಟಕ್ಕೆ ಕೊಟ್ರೆ ಸವೆಯುತ್ತಮ್ಮಾ. ಮೂಲವೇ ಸವೆದುಹೋದ್ರೆ ಚೀಟಿ ಕೊಂಡವರು ನಮ್ಮನ್ನ ಸುಮ್ನೆ ಬಿಡ್ತಾರಾ?”

“ಆಡೋ ಎಲೆ ಸವೆಯದೆ ಇನ್ನೇನಾಗ್ಬೇಕು ಸಾರ್?”

“ನಿಮ್ಮತ್ತೆಗೆ ಡಿಜಿಟಲ್ ಹಕ್ಕು ಕೊಟ್ಟಿದ್ದೀವಲ್ಲ.”

“ಹಾಗಾದ್ರೆ ಅದಲು ಬದಲು ಮಾಡ್ಕೊಳ್ಳೋಣ. ಹಕ್ಕು ನೀವಿಟ್ಕೊಳ್ಳಿ, ಎಲೆ ಕೊಡಿ.”

ಅವರು ನಕ್ಕರು. ನಾನು ತಮಾಷೆ ಮಾಡಿದೆ ಎಂದುಕೊಂಡರು. ಹೊಸ ಕಟ್ಟನ್ನೇ ಅಚ್ಚು ಹಾಕಿಸಿಕೊಳ್ಳಿ ಎಂಬ ಸಲಹೆಯನ್ನೂ ಕೊಟ್ಟರು. ನಮ್ಮ ಬೀದಿಯ ಮುದ್ರಣಾಲಯದವರು ಕೈ ಮುಗಿದುಬಿಟ್ಟರು: “ಬೇಡ ತಾಯಿ. ಆ ಚಿತ್ರಗಳೆಲ್ಲ ಈಗ ಇಲಾಖೆ ಹೆಸರಲ್ಲಿ ನೋಂದಣಿಯಾಗಿವೆ. ನಾನು ಜೈಲಿಗೆ ಹೋಗ್ಬೇಕಾ?” ನೋಡಿ, ಎಷ್ಟು ಅಚ್ಚುಕಟ್ಟು! ಹಳೆಯದನ್ನು ಕೊಡುವುದಿಲ್ಲ, ಹೊಸದನ್ನು ಮಾಡಿಕೊಳ್ಳಲು ಬಿಡುವುದಿಲ್ಲ, ಆಡಲು ಬಾರದ್ದನ್ನು ಉಡುಗೊರೆ ಕೊಡುತ್ತೀರಿ. ಬಸ್ ನಿಲ್ದಾಣದಲ್ಲಿ ಪುಕ್ಕಟೆ ಹಂಚುವ ಕರಪತ್ರಗಳೇ ನನ್ನ ಪಾಠಶಾಲೆ. ಉಳ್ಳವರು ಊರಿನ ಹುಲ್ಲುಗಾವಲಿಗೆ ಬೇಲಿ ಹಾಕಿಕೊಂಡ ಕಥೆಯನ್ನು ಅಲ್ಲಿ ಓದಿದ್ದೆ. ಆಟಕ್ಕೂ ಬೇಲಿ ಹಾಕುತ್ತಾರೆಂದು ಯಾವ ಕರಪತ್ರವೂ ಎಚ್ಚರಿಸಿರಲಿಲ್ಲ. ಆಡುವವರ ಕೈಯಿಂದ ಕಿತ್ತುಕೊಂಡ ಮೇಲೆ ನೀವು ಉಳಿಸುತ್ತಿರುವ ಪರಂಪರೆ ಯಾವುದು? ಯಾರದು? ಫೋನಿನೊಳಗೆ ತಿರುಗುವ ಅಂಬಿಗ ಇಷ್ಟು ದಿನದಲ್ಲಿ ಒಬ್ಬರನ್ನಾದರೂ ದಾಟಿಸಿದ್ದಾನೆಯೇ?

ನನಗೆ ಪರಿಹಾರ ಬೇಡ, ಕ್ಷಮೆಯೂ ಬೇಡ. ಚೌಕಟ್ಟಿಗೆ ನೀವೇ ಅಚ್ಚು ಹಾಕಿಸಿದ ಹೊಸ ಅಂಬಿಗನನ್ನು ಹಾಕಿಕೊಳ್ಳಿ. ಗಾಜಿನ ಹಿಂದೆ ಅವನ ಬೆನ್ನನ್ನು ಯಾರೂ ನೋಡುವುದಿಲ್ಲ. ನಮ್ಮವನನ್ನು ನಮಗೆ ಕೊಡಿ. ಅವನು ಸವೆಯುತ್ತಾನೆ, ಹೌದು. ಚಿಕ್ಕಪ್ಪನೂ ಸವೆಯುತ್ತಿದ್ದಾರೆ, ಅವರು ಯಾರ ಸುರಕ್ಷಿತ ಪಾಲನೆಯಲ್ಲೂ ಇಲ್ಲ. ಈ ಪತ್ರದ ವಿಷಯವನ್ನು ಅವರಿಗೆ ಇನ್ನೂ ಹೇಳಿಲ್ಲ. ಎಲೆ ನನ್ನ ಕೈಗೆ ಬಂದ ಮೇಲೆ ಹೇಳುತ್ತೇನೆ. ಇನ್ನೊಮ್ಮೆ ಅವರ ಕೈಗೆ ಸುಳ್ಳನ್ನು ಹಂಚಲಾರೆ.

ಅತ್ತೆ ಮತ್ತು ನಾನು ನಿಮ್ಮ ಭೇಟಿ ಕೋಣೆಗೆ ಬರುತ್ತೇವೆ. ಚರ್ಚೆಗಲ್ಲ, ಎಲೆ ಒಯ್ಯುವುದಕ್ಕೆ. ಸಭೆಯಿದ್ದರೆ ಮುಂದೂಡಿ. ಬರುವ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ.

ಇಂತಿ,
ನಿಮ್ಮ ಮೇಲೆ ವಿಶ್ವಾಸ ಉಳಿದಿಲ್ಲದಿದ್ದರೂ ಬರವಣಿಗೆಯ ಮೇಲೆ ಇನ್ನೂ ಸ್ವಲ್ಪ ಉಳಿಸಿಕೊಂಡಿರುವ,
ಹೊಲಿಗೆ ಅಂಗಡಿಯ ಕಾಜಾದವಳು