ಮಗುಚದ ಮೀನು

ಕೊ ಮಪ್ರಾಂಗ್ ದ್ವೀಪ, ತ್ರಾತ್
ಮಾರ್ಚ್ 18, ಬುದ್ಧ ಶಕ 2551

ಪ್ರೀತಿಯ ತಂಗಿ ಪೂ,

ಹೇಗಿದ್ದೀಯ? ನಿನ್ನ ಯಜಮಾನರು, ಮಗಳು ಎಲ್ಲ ಚೆನ್ನಾಗಿದ್ದಾರೆ ತಾನೇ? ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬಿಡುವೇ ಸಿಗಲಿಲ್ಲ ಅಂತ ಬರೆಯಬಹುದಿತ್ತು. ಆದರೆ ಅದು ನೀನು ಯಾವಾಗಲೂ ಬರೆಯುವ ಮಾತು, ನಾನ್ಯಾಕೆ ಕದಿಯಲಿ? ಬಿಡುವಿತ್ತು. ಕೂತು ಬರೆದರೆ ಏನೇನು ಬರೆದುಬಿಡುತ್ತೇನೋ ಅಂತ ಕೂರಲಿಲ್ಲ.

ಲಕೋಟೆಯ ಹಿಂದೆ ನಿನ್ನ ಹೊಸ ಹೆಸರು ನೋಡಿ, ಇದ್ಯಾರಪ್ಪ ನನಗೆ ಕಾಗದ ಬರೆಯುವವರು ಅಂದುಕೊಂಡೆ. ಜ್ಯೋತಿಷಿ ಹೇಳಿದ ಅಂತ ಬದಲಾಯಿಸಿಕೊಂಡೆಯಂತೆ. ಒಳ್ಳೆಯದೇ ಆಗಲಿ. ಆದರೆ ಕೂಸಾಗಿದ್ದಾಗ ನೀನು ಚಾಪೆಯ ಮೇಲೆ ಅಡ್ಡಡ್ಡ ಹರಿದಾಡುತ್ತಿದ್ದೆ, ಅದಕ್ಕೇ ಅಪ್ಪ ಪೂ ಅಂತ ಕರೆದ, ಏಡಿ ಅಂತ. ನನ್ನ ಬಾಯಿಗೆ ಅದೇ ಬರುವುದು, ಹೊಸದನ್ನು ಕಲಿಯುವ ವಯಸ್ಸು ನನ್ನದಲ್ಲ.

ಎರಡು ಮಾತು ಕೇಳಿದ್ದೀಯ. ಅಮ್ಮ ಕೊನೆಗಾಲದಲ್ಲಿ ತುಂಬ ಸಂಕಟಪಟ್ಟಳಾ, ಮತ್ತೆ, ನನ್ನನ್ನು ಕೇಳಿದಳಾ ಅಂತ. ಎರಡನೆಯದು ಆಮೇಲೆ. ಮೊದಲನೆಯದಕ್ಕೆ ಹೇಳುತ್ತೇನೆ: ಪಟ್ಟಳು. ಮಳೆಗಾಲ ಮುಗಿದಾಗಿನಿಂದ ಉಸಿರಾಡುವುದೇ ಕಷ್ಟವಾಗಿತ್ತು. ಮಲಗಿದರೆ ಕೆಮ್ಮು, ಕೂತರೆ ಬೆನ್ನುನೋವು. ತ್ರಾತ್ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ನುಂಗಿ, 'ಇದರಿಂದ ಹೊಟ್ಟೆ ತುಂಬಿತು, ಅನ್ನ ಬೇಡ' ಅಂತ ತಮಾಷೆ ಮಾಡುತ್ತಿದ್ದಳು. ಕೊನೆಯ ದಿನ ಬೆಳಿಗ್ಗೆ ನಾನು ಒಲೆಗೆ ನೀರಿಟ್ಟು ತಿರುಗುವಷ್ಟರಲ್ಲಿ ಗೋಡೆಗೆ ಒರಗಿದ್ದವಳು ಹಾಗೇ ಒರಗಿದ್ದಳು. ಅಷ್ಟೇ ಆದದ್ದು.

ಸಾವು ಹಾಗಾಯಿತು, ಅಂತ್ಯಕ್ರಿಯೆ ಹೇಗಾಯಿತು ಅಂತಲೂ ಕೇಳು. ನೀನು ಕೇಳಿಲ್ಲ, ಆದರೂ ಹೇಳುತ್ತೇನೆ.

ಗುಡ್ಡದ ಆಚೆ ಬದಿಯ ರೆಸಾರ್ಟಿನ ಅಡುಗೆಮನೆಯಲ್ಲಿ ನಾನಿರುವುದು ನಿನಗೆ ಗೊತ್ತು. ಆ ರೆಸಾರ್ಟು ಬಂದ ಮೇಲೆ ನಮ್ಮ ದ್ವೀಪಕ್ಕೆ ಶಾಂತ ದ್ವೀಪ ಅಂತ ಹೊಸ ಹೆಸರಾಗಿದೆ. ಜನ ಆ ಶಾಂತಿಯನ್ನು ಹುಡುಕಿಕೊಂಡು ಬ್ಯಾಂಕಾಕಿನಿಂದ, ಅದರಾಚೆಯಿಂದ ಬರುತ್ತಾರೆ. ಶಾಂತಿ ಅಂದರೆ ಏನು ಅಂದುಕೊಂಡೆ? ಮೊದಲು ನಮ್ಮ ಹುಂಜಗಳನ್ನು ತೆಗೆಸಿದರು, ಅತಿಥಿಗಳಿಗೆ ನಿದ್ದೆ ಕೆಡುತ್ತದಂತೆ. ಆಮೇಲೆ ದೋಣಿಯವರಿಗೆ, ಬೆಳಕು ಹರಿಯುವ ಮೊದಲು ಆಚೆ ಬದಿಯಲ್ಲಿ ಇಂಜಿನ್ ಹಾಕಬೇಡಿ ಅಂದರು. ಮೀನು ಇವರು ಎದ್ದು ಕಾಫಿ ಕುಡಿಯುವ ತನಕ ಕಾಯುತ್ತದಾ? ಆದರೆ ಊರಿಗೆ ದೀಪ ಬರುವುದು ಅವರ ಜನರೇಟರಿನಿಂದ. ಹಾಗಾಗಿ ಯಾರೂ ತುಟಿ ಬಿಚ್ಚಲಿಲ್ಲ.

ಅಮ್ಮನನ್ನು ವಿಹಾರದ ಮಂಟಪದಲ್ಲಿ ಇಟ್ಟಿದ್ದೆವು. ಚುವಾಯ್ ಮಾಮ, ನಿನಗೆ ನೆನಪಿರಬೇಕು, ಅಪ್ಪನ ಜೊತೆ ದೋಣಿಗೆ ಹೋಗುತ್ತಿದ್ದವರು, ಈಗ ಐಸಿನ ದೋಣಿ ನಡೆಸುತ್ತಾರೆ, ಅವರೇ ತೆಂಗಿನ ಮರಕ್ಕೆ ಧ್ವನಿವರ್ಧಕ ಕಟ್ಟಿಸಿದರು. ಸಾವಿನ ಮನೆಯ ವಾದ್ಯ ಕಡಲ ಮೇಲಿರುವ ದೋಣಿಗಳಿಗೂ ಕೇಳಬೇಕಲ್ಲ, ಇಲ್ಲದಿದ್ದರೆ ಜನ ಬರುವುದು ಹೇಗೆ? ವಾದ್ಯ ಶುರುವಾಗಿ ಅರ್ಧ ಗಂಟೆಯಾಗಿರಲಿಲ್ಲ, ರೆಸಾರ್ಟಿನ ಮ್ಯಾನೇಜರ್ ಬಂದ. ಚಪ್ಪಲಿ ಬಿಟ್ಟು, ಊದುಕಡ್ಡಿ ಹಚ್ಚಿ, ಅಮ್ಮನಿಗೆ ಕೈಮುಗಿದು, ಎಲ್ಲ ಕ್ರಮವಾಗಿಯೇ ಮಾಡಿದ. ಆಮೇಲೆ ನನ್ನನ್ನು ಕಂಬದ ಮರೆಗೆ ಕರೆದ.

"ಅಕ್ಕಾ, ನಮಗೂ ದುಃಖ ಇದೆ. ನಿಮ್ಮಮ್ಮ ನಮ್ಮಮ್ಮ ಬೇರೆನಾ? ಆದ್ರೆ ಅತಿಥಿಗಳು ಸದ್ದಿಲ್ಲದ ಜಾಗ ಅಂತ ಬಂದಿದ್ದಾರೆ. ಸ್ವಲ್ಪ ಕಡಿಮೆ ಮಾಡೋಕಾಗುತ್ತಾ?"

ಚುವಾಯ್ ಮಾಮನಿಗೆ ಕೇಳಿಸಿಬಿಟ್ಟಿತು. "ಹೌದೌದು, ತಪ್ಪಾಯ್ತು. ಸಾಯೋ ಮುಂಚೆ ನಿಮ್ಮ ಅತಿಥಿಗಳನ್ನ ಒಂದು ಮಾತು ಕೇಳ್ಬೇಕಿತ್ತು ಅವಳು. ಮುಂದಿನ ಸಲ ನಿಮ್ಮ ರೂಮು ಖಾಲಿ ಇರೋ ಮಳೆಗಾಲದಲ್ಲೇ ಸಾಯ್ತಾಳೆ ಬಿಡಿ" ಅಂದರು.

ಮ್ಯಾನೇಜರ್ ತಲೆ ತಗ್ಗಿಸಿ ನಿಂತ. ಅವನೂ ಯಾರದೋ ಆಳು. ಶವಪೆಟ್ಟಿಗೆಯನ್ನು ತಂಪಾಗಿಡುವ ಕರೆಂಟು ಅವರದೇ. ನಾನೇ ಹೋಗಿ ಧ್ವನಿವರ್ಧಕದ ತಂತಿ ಕಿತ್ತೆ. ಭಿಕ್ಷುಗಳು ಮೈಕಿಲ್ಲದೆ ಮಂತ್ರ ಹೇಳಿದರು. ಪ್ರತಿ ಸಾವಿನಲ್ಲೂ ಕಿರುಚಾಡಿಕೊಂಡು ಇಸ್ಪೀಟು ಆಡುವ ಗಂಡಸರು ಪಿಸುಪಿಸು ಅಂತ ಆಡಿದರು. ಜೀವನವಿಡೀ ಗಾಳಿಗೆ ಎದುರಾಗಿ ಕೂಗಿ ಮಾತಾಡಿದ ಹೆಂಗಸು ಪೂ, ಅವಳನ್ನು ನಾವು ಕಳ್ಳರ ಹಾಗೆ ಕಳಿಸಿದೆವು.

ಸತ್ತವರನ್ನು ಊಟಕ್ಕೆ ಕರೆಯುವ ಕೆಲಸ ಕಿರಿಯವಳದ್ದು, ನಿನ್ನದು. ನೀನಿರಲಿಲ್ಲವಲ್ಲ, ನಾನೇ ತಟ್ಟೆ ಇಟ್ಟೆ. ಪೆಟ್ಟಿಗೆಯನ್ನು ಬೆರಳಲ್ಲಿ ತಟ್ಟಿ, "ಅಮ್ಮಾ, ಏಳು, ಅನ್ನ ಬಿಸಿ ಇದೆ" ಅಂತ ಕರೆದೆ. ಹುರಿದ ಇಡೀ ಮೀನು ಇಟ್ಟಿದ್ದೆ. ಮೀನಿನ ಕೆನ್ನೆಯ ಮಾಂಸವನ್ನು ಬಿಡಿಸಿ ತಟ್ಟೆಯ ಅಂಚಿಗೆ ಇಟ್ಟೆ, ಮನೆಯಲ್ಲಿ ಇಡುತ್ತಿದ್ದ ಹಾಗೆ. ನೆನಪಿದೆಯಾ? ಅಪ್ಪ ಕಡಲಿಂದ ವಾಪಸು ಬರುವ ತನಕ ಆ ಚೂರನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಅಪ್ಪ ಹೋಗಿ ಇಷ್ಟು ವರ್ಷವಾದರೂ ಅಮ್ಮ ಅದನ್ನು ಬಿಡಲಿಲ್ಲ. ಬೇರೆ ಮನೆಗಳಲ್ಲಿ ಈ ಪದ್ಧತಿ ಇಲ್ಲ, ಇದು ಅಮ್ಮನದೇ ಹುಚ್ಚು.

ನಿನ್ನ ಹೂಚಕ್ರ ಎರಡನೇ ದಿನ ಐಸಿನ ದೋಣಿಯಲ್ಲಿ ಬಂತು. ದೊಡ್ಡದಾಗಿ, ಚೆನ್ನಾಗಿತ್ತು. ಆದರೆ ಅದರ ಪಟ್ಟಿಯ ಮೇಲೆ ನಿನ್ನ ಯಜಮಾನರ ಕಂಪನಿಯ ಹೆಸರಷ್ಟೇ ಇತ್ತು. ಚುವಾಯ್ ಮಾಮ ಕನ್ನಡಕ ಏರಿಸಿ ಓದಿ, "ನಿಮ್ಮಮ್ಮ ಈ ಕಂಪನೀಲಿ ಯಾವಾಗ ಕೆಲಸ ಮಾಡಿದ್ದು?" ಅಂತ ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಗಳು ಅಂತ ಒಂದು ಪದ ಬರೆಸಿದ್ದರೆ ಹೂವಿನವನು ಬೇಡ ಅನ್ನುತ್ತಿದ್ದನಾ?

ನಿನ್ನ ಮದುವೆಯ ಊಟ ನನ್ನ ತಲೆಯಿಂದ ಹೋಗುವುದೇ ಇಲ್ಲ. ಬ್ಯಾಂಕಾಕಿನ ಆ ಹೋಟೆಲಿನಲ್ಲಿ ದುಂಡು ಮೇಜಿನ ಮಧ್ಯೆ ದೊಡ್ಡ ಮೀನು ತಂದಿಟ್ಟರು. ನಿನ್ನ ಅತ್ತೆ ಒಂದು ಬದಿ ಮುಗಿದ ಮೇಲೆ ಚಮಚ ಹಾಕಿ ಅದನ್ನು ಮಗುಚಲು ಹೊರಟರು. ಅಮ್ಮ "ಅಯ್ಯೋ!" ಅಂತ ಕೂಗಿ ಅವರ ಮುಂಗೈ ಹಿಡಿದುಬಿಟ್ಟಳು. ಮೀನು ಮಗುಚಿದರೆ ದೋಣಿ ಮಗುಚುತ್ತದೆ, ಕಡಲಲ್ಲಿ ಎಷ್ಟು ಜನ ಇರುತ್ತಾರೋ ಏನೋ. ನಮಗೆ ಅದು ಉಸಿರಾಡಿದಷ್ಟು ಸಹಜ. ಅವರ ರೇಷ್ಮೆ ತೋಳಿಗೆ ಸಾಸು ಹತ್ತಿತು. ನೀನು ಅಮ್ಮನನ್ನು ಹೊರಗೆ ಕರೆದುಕೊಂಡು ಹೋಗಿ, "ಅಮ್ಮಾ, ಇಲ್ಲಿ ಯಾರ ದೋಣೀನೂ ಇಲ್ಲ" ಅಂದೆ. ಮೆಲ್ಲಗೇ ಅಂದೆ, ನಾನು ಬಾಗಿಲ ಹತ್ತಿರವೇ ಇದ್ದೆ. ಅದಾದ ಮೇಲೆ ನಿನ್ನ ಮನೆಯಿಂದ ನಮಗೆ ಕರೆ ಬರಲಿಲ್ಲ. ನೀನೂ ಬರಲಿಲ್ಲ. ಹೊಸ ವರ್ಷಕ್ಕೆ ಬರುತ್ತೇನೆ, ಮಗಳ ರಜೆಗೆ ಬರುತ್ತೇನೆ ಅಂತ ಕಾಗದ ಬರುತ್ತಿತ್ತು. ಪ್ರತಿ ಸಲ ಅಮ್ಮ ನಿನ್ನ ಚಾಪೆ ಬಿಸಿಲಿಗೆ ಹಾಕುತ್ತಿದ್ದಳು.

ಸಾಯುವ ಮೊದಲು ನಿನ್ನನ್ನು ಒಂದು ಸಲ ನೋಡಬೇಕು ಅನ್ನುವುದೊಂದೇ ಅವಳಿಗಿದ್ದ ಆಸೆ. ಬೇರೇನೂ ಬೇಡಿದವಳಲ್ಲ. ಅದನ್ನು ಮೂರು ಕಾಗದದಲ್ಲಿ ನಿನಗೆ ಬರೆದೆ. 'ಅಷ್ಟು ದೂರ ಬರಲು ಈ ವರ್ಷ ಸಾಧ್ಯವೇ ಆಗಲಿಲ್ಲ ಅಕ್ಕಾ, ನನ್ನ ಮನಸ್ಸು ಅಲ್ಲೇ ಇದೆ' ಅಂತ ಈಗ ಬರೆದಿದ್ದೀಯ. ಓದಿ ಮಡಚಿ ಅಕ್ಕಿಯ ಡಬ್ಬದ ಮೇಲಿಟ್ಟೆ. ಸಿಟ್ಟು ಬಂತು, ತುಂಬ ಬಂತು. ಈಗಲೂ ಇದೆ.

ನೂರನೇ ದಿನದ ಪುಣ್ಯಕಾರ್ಯ ಮೇ ತಿಂಗಳ ಮೊದಲ ವಾರಕ್ಕೆ ಬೀಳುತ್ತದೆ. ಆವತ್ತೇ ಚುವಾಯ್ ಮಾಮನ ದೋಣಿಯಲ್ಲಿ ಅಸ್ಥಿ ಬಿಡುತ್ತೇವೆ. ಆಗ ರೆಸಾರ್ಟಿಗೆ ಅತಿಥಿಗಳು ಕಡಿಮೆ, ಧ್ವನಿವರ್ಧಕ ಕಟ್ಟಬಹುದು ಅಂತ ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿದ್ದಾನೆ. ನಿನ್ನನ್ನು ಕರೆಯುವುದು ನನ್ನ ಧರ್ಮ, ಕರೆದಿದ್ದೇನೆ. ಬರುವುದಾದರೆ ಊರ ಬದಿಯ ದೋಣಿಕಟ್ಟೆಯಲ್ಲಿ ಇಳಿ.

ಮಗಳನ್ನು ಬಿಸಿಲಿಗೆ ಬಿಡಬೇಡ, ಬೇಸಗೆ ಜೋರಾಗಿದೆ. ಬುದ್ಧ ಭಗವಾನ್ ನಿನ್ನ ಮನೆಯನ್ನು ತಂಪಾಗಿಟ್ಟಿರಲಿ. ನಿನ್ನ ಮಕ್ಕಳು ಮೊಮ್ಮಕ್ಕಳು ನಿನ್ನ ಹೆಸರು ಹಿಡಿದು ಕರೆಯುವಷ್ಟು ಹತ್ತಿರದಲ್ಲೇ ಇರಲಿ. ಹಿರಿಯಳಾಗಿ ಇದಕ್ಕಿಂತ ಒಳ್ಳೆಯದನ್ನು ಹರಸಲು ನನಗೆ ಬರುವುದಿಲ್ಲ.

ನಿನ್ನ ಅಕ್ಕ,
ಪ್ರಯೋಂಗ್

ಮರುಬರಹ: ಇಲ್ಲಿಗೇ ನಿಲ್ಲಿಸಬೇಕು ಅಂತಿದ್ದೆ. ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಯಾಕೆಂದರೆ ನಿನ್ನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ.

ಕಳೆದ ಡಿಸೆಂಬರಿನಲ್ಲಿ ಬ್ಯಾಂಕಾಕಿನ ಒಂದು ಕಂಪನಿಯ ಗುಂಪು ರೆಸಾರ್ಟಿಗೆ ಬಂದಿತ್ತು. ಮೊದಲ ರಾತ್ರಿಯ ಊಟದ ತಟ್ಟೆಗಳು ತೊಳೆಯಲು ಬಂದವು. ಎಲ್ಲದರಲ್ಲೂ ಮೀನು ಮಗುಚಿ, ಕೆದರಿ, ಚೂರಾಗಿತ್ತು. ಕೊನೆಯ ಕುಟೀರದಿಂದ ಬಂದ ಒಂದು ತಟ್ಟೆಯಲ್ಲಿ ಮಾತ್ರ ಮೀನು ಇಟ್ಟ ಹಾಗೇ ಇತ್ತು. ಬೆನ್ನುಮೂಳೆಯನ್ನು ಬಾಲದ ಕಡೆಯಿಂದ ಎತ್ತಿ ಪಕ್ಕಕ್ಕಿಟ್ಟು ಕೆಳಗಿನದನ್ನು ತಿಂದಿದ್ದರು. ಮನೆಗೆ ಬಂದು ಅಮ್ಮನಿಗೆ ನಗುತ್ತಾ ಹೇಳಿದೆ, "ಅಮ್ಮಾ, ಇವತ್ತು ಒಬ್ಬ ಅತಿಥಿ ಮೀನು ಮಗುಚಿಲ್ಲ ನೋಡು!"

ಅಮ್ಮ ನಗಲಿಲ್ಲ. "ಕೆನ್ನೆ?" ಅಂದಳು.

ನನಗೆ ಆಗ ಹೊಳೆಯಿತು. ಕೆನ್ನೆಯ ಚೂರು ತಟ್ಟೆಯ ಅಂಚಿನಲ್ಲಿತ್ತು.

ಮರುದಿನ ಅಡುಗೆಮನೆಯ ಜಾಲರಿಯಿಂದ ನೋಡಿದೆ. ದೊಡ್ಡ ಟೋಪಿ, ಕಪ್ಪು ಕನ್ನಡಕ. ನಿನ್ನ ಯಜಮಾನರು ಯಾರಿಗೋ, "ನಮ್ಮವಳಿಗೆ ಕಡಲು ಅಂದ್ರೆ ಭಯ, ಬ್ಯಾಂಕಾಕಲ್ಲೇ ಹುಟ್ಟಿ ಬೆಳೆದವಳು" ಅನ್ನುತ್ತಿದ್ದರು. ನೀನು ನಕ್ಕೆ. ನಾನು ಓಡಿ ಬಂದು ಅಮ್ಮನಿಗೆ, "ಈಗಲೇ ಕೈ ಹಿಡಿದು ಎಳ್ಕೊಂಡು ಬರ್ತೀನಿ" ಅಂದೆ. ಅವಳು ನನ್ನ ಅಂಗಿಯ ತುದಿಯನ್ನೇ ಹಿಡಿದುಕೊಂಡಳು. "ಬೇಡ ಕಣೇ. ಸದ್ದು ಮಾಡ್ಬೇಡ. ಗಂಡನ ಮುಂದೆ ಅವಳ ಮುಖ ಸಣ್ಣದಾಗ್ಬಾರ್ದು. ದಾರಿ ಅವಳಿಗೆ ಗೊತ್ತು, ಬರೋದಾದ್ರೆ ತಾನೇ ಬರ್ತಾಳೆ."

ನೀನಿದ್ದಷ್ಟು ದಿನವೂ ಅವಳು ತಲೆ ಬಾಚಿಸಿಕೊಂಡು, ಒಳ್ಳೆಯ ಬಟ್ಟೆ ಉಟ್ಟು, ಗುಡ್ಡದ ದಾರಿಗೆ ಮುಖ ಮಾಡಿ ಜಗಲಿಯಲ್ಲಿ ಕೂತಳು. ಕೆಮ್ಮು ಬಂದರೆ ಬಾಯಿಗೆ ಬಟ್ಟೆ ಒತ್ತಿಕೊಳ್ಳುತ್ತಿದ್ದಳು. ನಿಮ್ಮ ದೋಣಿ ಹೊರಟ ಸದ್ದು ಕೇಳಿದ ಮೇಲೆ ಎದ್ದು ಒಳಗೆ ಹೋಗಿ, "ಮೀನು ಮಗುಚಲಿಲ್ಲ ಅಲ್ವಾ ಅವಳು" ಅಂತ ಇನ್ನೊಮ್ಮೆ ಕೇಳಿದಳು. ಇಲ್ಲಮ್ಮ ಅಂದೆ.

ನನ್ನನ್ನು ಕೇಳಿದಳಾ ಅಂತ ಬರೆದಿದ್ದೀಯ. ಅದಾದ ಮೇಲೆ ಸಾಯುವ ತನಕ ಒಂದು ದಿನವೂ ಕೇಳಲಿಲ್ಲ ಪೂ. ನೀನು ಬಂದು ಹೋದದ್ದು ಅವಳಿಗೆ ಗೊತ್ತಿತ್ತು.